ಗುಟ್ಟಿನ ಕಥೆ ಮತ್ತು ಹಾಡು

ಲಿರಾಜ್ ಚಾರ್ಹಿ ಅವರ ‘ಝನ್’ (2020) ಆಲ್ಬಮ್ಮಿನ ಮಾತು ಬಂದಾಗಲೆಲ್ಲ ಹಾಡಿಗಿಂತ ಮೊದಲು ಅದು ತಯಾರಾದ ಕಥೆ ಬರುತ್ತದೆ. ಗಾಯಕಿ ಇಸ್ರೇಲಿನವರು, ಹೆತ್ತವರು ಇರಾನಿನಿಂದ ವಲಸೆ ಬಂದ ಯಹೂದಿಗಳು. ಜೊತೆಗೆ ನುಡಿಸಿದವರಲ್ಲಿ ಹಲವರು ಇರಾನಿನಲ್ಲೇ ಇದ್ದು, ಇಸ್ರೇಲಿನವರೊಡನೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಏನಾದೀತೆಂದು ಬಲ್ಲವರು. ಇಂಟರ್ನೆಟ್ಟಿನಲ್ಲಿ ಗುಟ್ಟಾಗಿ ಕೆಲಸ ನಡೆಯಿತು; ಕೆಲವರ ಹೆಸರು ಹೊರಗೆ ಬರಲೇ ಇಲ್ಲ. ಮೈ ಜುಮ್ಮೆನ್ನಿಸುವ ಕಥೆ, ಸರಿ. ಆದರೆ ಎದೆಗಾರಿಕೆಗೆ ಸಲ್ಲಬೇಕಾದ ಅಂಕಗಳನ್ನೆಲ್ಲ ಹಾಡಿನ ಖಾತೆಗೆ ಹಾಕಲಾಗದು.

ಈ ಸಂಗೀತದ ಬೇರು 1979ರ ಕ್ರಾಂತಿಗೆ ಮುಂಚಿನ ತೆಹರಾನಿನಲ್ಲಿದೆ ಎನ್ನುವುದು ವಾಡಿಕೆ. ಆಗ ಗಾಯಕಿ ಗೂಗೂಶ್ ಅಲ್ಲಿ ಮನೆಮಾತು. ಕ್ರಾಂತಿಯ ಬಳಿಕ ಹೆಣ್ಣು ಗಂಡಸರೆದುರು ಒಬ್ಬಳೇ ಹಾಡುವಂತಿಲ್ಲವೆಂದಾಯಿತು. 2000ದಲ್ಲಿ ದೇಶ ಬಿಡುವವರೆಗೂ ಗೂಗೂಶ್ ವೇದಿಕೆ ಹತ್ತಲಿಲ್ಲ. ಆ ಹಳೆಯ ಹಾಡುಗಳಲ್ಲಿ ಕಂಠದಷ್ಟೇ ಪಾಲು ವಾದ್ಯ ಸಂಯೋಜಕರದ್ದು. ಅವರಲ್ಲೊಬ್ಬರಾದ ಅರ್ಮೇನಿಯನ್ ಮೂಲದ ವಾರೂಜಾನ್ ಪಿಟೀಲುಗಳನ್ನು ದನಿಯ ಹಿಂದೆ ಹರಡಿದರೂ ಗಾಯಕಿ ಉಸಿರೆಳೆಯುವಷ್ಟು ಜಾಗವನ್ನು ಖಾಲಿ ಬಿಡುತ್ತಿದ್ದರು. ದುಃಖ ಕೂರುವುದೇ ಆ ಜಾಗದಲ್ಲಿ.

‘ಝನ್’ನಲ್ಲಿ ನನಗೆ ಸಿಗದಿರುವುದು ಅದೇ. ಸಿಂಥಸೈಜರು, ಬೇಸು, ಲಯದ ಪೆಟ್ಟು ಸೇರಿ ಇರುವ ಸಂದಿಯನ್ನೆಲ್ಲ ತುಂಬಿಬಿಡುತ್ತವೆ. ನನ್ನ ಕಿವಿಗೆ ಇದರ ಹತ್ತಿರದ ನಂಟು ಹಳೆಯ ತೆಹರಾನಿಗಿಂತ 80ರ ದಶಕದ ಲಾಸ್ ಏಂಜಲೀಸಿನದು. ದೇಶ ಬಿಟ್ಟ ಇರಾನಿ ಗಾಯಕರು ಅಲ್ಲಿ ಡ್ರಮ್ ಮಷಿನ್ ಇಟ್ಟುಕೊಂಡು 6/8 ಲಯದ ಕುಣಿತದ ಪಾಪ್ ಕಟ್ಟಿದರು. ಹುರುಳಿಲ್ಲದ್ದೆಂದು ಅದಕ್ಕೆ ಮೂಗು ಮುರಿದವರು ಇರಾನಿಗರಲ್ಲೇ ಇದ್ದಾರೆ. ಲಿರಾಜ್ ತಮ್ಮ ಪರ್ಷಿಯನ್ ಬೇರನ್ನು ಗುರುತಿಸಿಕೊಂಡದ್ದೂ ಆ ಊರಿನ ಇರಾನಿಗರ ನಡುವೆ. ಈ ನಂಟನ್ನು ಒಪ್ಪಿಕೊಂಡರೆ ಯಾರ ಮಾನವೂ ಹೋಗದು. ಆಲ್ಬಮ್ಮಿನ ‘ಝನ್ ಬೆಝನ್’ ಹಾಡು ಗೆಲ್ಲುವುದೇ ಕಾಲು ಕುಣಿಸುವ ಬಲದಿಂದ.

ಲಿರಾಜ್ ಅವರ ಮುಂದಿನ ಆಲ್ಬಮ್ ‘ರೋಯಾ’ (2022) ಇದಕ್ಕಿಂತ ಮೇಲು. ಈ ಸಲವೂ ಗುಟ್ಟೇ, ಆದರೆ ಎರಡೂ ದೇಶದ ವಾದಕರು ಇಸ್ತಾಂಬುಲಿನ ಸ್ಟುಡಿಯೊದಲ್ಲಿ ಎದುರುಬದುರು ಕೂತಿದ್ದರು. ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಎತ್ತಿಕೊಳ್ಳುವುದು ಕೇಳಿಸುತ್ತದೆ; ತಂತಿವಾದ್ಯಗಳು ಗಾಯಕಿಗೆ ಮರುಮಾತಾಡುತ್ತವೆ. ಲಿರಾಜ್ ಅವರ ದನಿಗೆ ಗೂಗೂಶ್ ದನಿಯ ತೂಕವಿಲ್ಲ. ಕುಣಿತದ ಹಾಡಿನಲ್ಲಿ ಆ ಕೊರತೆ ಮುಚ್ಚಿಹೋಗುತ್ತದೆ. ನಿಧಾನದ ಹಾಡಿನಲ್ಲಿ ಬಯಲಾಗುತ್ತದೆ, ಆದರೆ ಆಕೆ ನನ್ನನ್ನು ಹಿಡಿದು ಕೂರಿಸುವುದು ಅಲ್ಲೇ. ಅಂಥವು ಈ ಆಲ್ಬಮ್ಮಿನಲ್ಲಿ ಇನ್ನಷ್ಟು ಬೇಕಿತ್ತು.