ಗೆರೆ ಉಳಿಯಿತು, ಅಳತೆ ಎಲ್ಲಿ?

ಒಂದು ಉಕ್ಕಿನ ದಂಡದ ಚಿತ್ರ ಬರೆದು, ಪಕ್ಕದಲ್ಲಿ ‘25 ± 0.05 ಮಿ.ಮೀ.’ ಎಂದು ನಮೂದಿಸಿದ್ದೇವೆ ಎನ್ನಿ. ಗೆರೆ ಹೇಳುವುದು ಆಕಾರವನ್ನು ಮಾತ್ರ. ಗಾತ್ರವೆಷ್ಟು, ಎಷ್ಟು ವ್ಯತ್ಯಾಸ ಸಲ್ಲುತ್ತದೆ ಎಂಬುದನ್ನು ಹೇಳುವುದು ಆ ಸಂಖ್ಯೆ ಮತ್ತು ಚಿಹ್ನೆ. ಲೇತ್ ಮುಂದೆ ನಿಂತ ಕೆಲಸಗಾರನಿಗೆ ಬೇಕಾದದ್ದು ಅದೇ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಏಕಮಾನವಿಲ್ಲದ, ದೋಷಮಿತಿಯಿಲ್ಲದ ಸಂಖ್ಯೆಯನ್ನು ನಾವು ಅಳತೆ ಎಂದು ಒಪ್ಪುವುದಿಲ್ಲ. ಆದರೆ ಗಣಕದಲ್ಲಿ ರಚಿಸಿದ ನಕಾಶೆಗಳ ವಿಷಯದಲ್ಲಿ ಈ ಶಿಸ್ತು ಏಕೋ ಸಡಿಲವಾಗಿದೆ.

ಒಂದು ಆವೃತ್ತಿಯ ತಂತ್ರಾಂಶದಲ್ಲಿ ಬರೆದ ನಕಾಶೆಯನ್ನು ಇನ್ನೊಂದರಲ್ಲಿ ತೆರೆದಾಗ ಗೆರೆಗಳೆಲ್ಲ ಇದ್ದು, ಅಳತೆ ಮತ್ತು ಟಿಪ್ಪಣಿಗಳು ಕಾಣದಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಡತ ಹಾಳಾಯಿತೆಂದು ಗಾಬರಿಯಾಗುತ್ತದೆ. ಅನೇಕ ವೇಳೆ ಅದು ಹಾಳಾಗಿರುವುದಿಲ್ಲ. ಮಾಹಿತಿ ಒಳಗೇ ಅಡಗಿರುತ್ತದೆ. ಏಕೆ ಹೀಗೆ?

ಆಟೋಕ್ಯಾಡ್‌ನ ಉದಾಹರಣೆ ನೋಡೋಣ. ಅದರ ಡಿಡಬ್ಲ್ಯೂಜಿ ಕಡತದ ಒಂದು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲ ಆರು ಅಕ್ಷರಗಳೇ ಕಡತದ ಗುರುತು. ‘ಎಸಿ1015’ ಎಂದಿದ್ದರೆ 2000ರಿಂದ 2002ರವರೆಗಿನ ಆವೃತ್ತಿಗಳ ರೂಪ; ‘ಎಸಿ1021’ ಎಂದಿದ್ದರೆ 2007ರಿಂದ 2009ರವರೆಗಿನದು. ತನಗೆ ತಿಳಿಯದ ಹೊಸ ಗುರುತು ಕಂಡರೆ ಹಳೆಯ ತಂತ್ರಾಂಶ ಕಡತವನ್ನು ತೆರೆಯುವುದೇ ಇಲ್ಲ. ಅದು ಕಿರಿಕಿರಿಯಾದರೂ ಪ್ರಾಮಾಣಿಕ ನಡವಳಿಕೆ. ಅಪಾಯವಿರುವುದು ಗುರುತು ಅದೇ ಇದ್ದು, ಒಳಗಿನ ಅರ್ಥ ಬದಲಾದಾಗ. 2002ರ ಆವೃತ್ತಿಯಲ್ಲಿ ಅಳತೆಯನ್ನು ವಸ್ತುವಿನ ರೇಖೆಗೇ ಜೋಡಿಸುವ ಸೌಲಭ್ಯ ಬಂತು. ರೇಖೆ ಉದ್ದವಾದರೆ ಸಂಖ್ಯೆ ತಾನಾಗಿ ಬದಲಾಗುತ್ತದೆ. 2000ರ ಆವೃತ್ತಿಗೆ ಈ ಜೋಡಣೆ ತಿಳಿಯದು. 2008ರ ಆವೃತ್ತಿಯಲ್ಲಿ ‘ಅನೋಟೇಟಿವ್’ ಅಳತೆಗಳು ಬಂದವು. 2007ರ ಆವೃತ್ತಿಗೆ ಅವು ಅಪರಿಚಿತ. ಎರಡು ಸಲವೂ ಕಡತದ ಗುರುತು ಬದಲಾಗಲಿಲ್ಲ. ಬಾಗಿಲು ತೆರೆಯಿತು, ಆದರೆ ಒಳಗಿನ ಮಾತು ಅರ್ಥವಾಗಲಿಲ್ಲ!

ಅನೋಟೇಟಿವ್ ಎಂಬ ಕಲ್ಪನೆ ಜಾಣತನದ್ದೇ. ಕಾಗದದ ಮೇಲೆ ಅಕ್ಷರ 3 ಮಿ.ಮೀ. ಎತ್ತರ ಇರಬೇಕಾದರೆ 1:50 ಪ್ರಮಾಣದ ನಕಾಶೆಯ ಮಾದರಿಯಲ್ಲಿ ಅದನ್ನು 150 ಮಿ.ಮೀ., 1:100ರಲ್ಲಿ 300 ಮಿ.ಮೀ. ಎತ್ತರಕ್ಕೆ ಬರೆಯಬೇಕು. ಈ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ. ಅದಕ್ಕಾಗಿ ಪ್ರತಿಯೊಂದು ಅಳತೆಯೂ ತನಗೆ ಸಲ್ಲುವ ಪ್ರಮಾಣಗಳ ಪಟ್ಟಿಯನ್ನು ಹೊತ್ತಿರುತ್ತದೆ. ಈಗಿನ ಪ್ರಮಾಣ ಆ ಪಟ್ಟಿಯಲ್ಲಿಲ್ಲದೆ, ‘ಅನೋಆಲ್‌ವಿಸಿಬಲ್’ ಎಂಬ ಚರದ ಬೆಲೆ 0 ಆಗಿದ್ದರೆ ಅಳತೆ ಕಾಣುವುದೇ ಇಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿ. ಅಡಗಿಸುವುದು ತಪ್ಪಲ್ಲ, ‘ಇಲ್ಲಿ ಇಷ್ಟು ಅಳತೆಗಳನ್ನು ಅಡಗಿಸಿದ್ದೇನೆ’ ಎಂದು ನಕಾಶೆಯ ಮೇಲೆ ಹೇಳದಿರುವುದು ತಪ್ಪು. ಮೌನವಾಗಿ ಸೊನ್ನೆ ತೋರಿಸುವ ಮೀಟರಿಗಿಂತ ಕೆಟ್ಟುಹೋದ ಮೀಟರೇ ಮೇಲು.

ಅಡಗುವ ತಾಣಗಳು ಇನ್ನೂ ಇವೆ. ‘ಡೆಫ್‌ಪಾಯಿಂಟ್ಸ್’ ಎಂಬ ಪದರದಲ್ಲಿ ಸೇರಿಕೊಂಡ ಅಳತೆ ತೆರೆಯ ಮೇಲೆ ಕಾಣುತ್ತದೆ, ಮುದ್ರಣದಲ್ಲಿ ಕಾಣದು. ಬೇರೊಂದು ಪೂರಕ ತಂತ್ರಾಂಶ ರಚಿಸಿದ ಟಿಪ್ಪಣಿ, ಅದು ಇಲ್ಲದ ಗಣಕದಲ್ಲಿ ಬರಿಯ ‘ಪ್ರಾಕ್ಸಿ’ ಆಗುತ್ತದೆ. ‘ಪ್ರಾಕ್ಸಿಶೋ’ ಬೆಲೆ 0 ಇದ್ದರೆ ಅದೂ ಮಾಯ. ಅಕ್ಷರಶೈಲಿಯ ಕಡತ ಇಲ್ಲದಿದ್ದರೆ ± ಅಥವಾ ವ್ಯಾಸದ ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ಆಗ 25 ಉಳಿಯುತ್ತದೆ, ದೋಷಮಿತಿಯ ಅರ್ಥ ಹೋಗುತ್ತದೆ.

ಹಾಗಾದರೆ ಮರಳಿ ಪಡೆಯುವುದು ಹೇಗೆ? ಮೊದಲು ಕಡತದ ಪ್ರತಿ ಮಾಡಿಟ್ಟುಕೊಳ್ಳಿ. ಪದರಗಳು ಆರಿವೆಯೇ, ‘ಫ್ರೀಜ್’ ಆಗಿವೆಯೇ ನೋಡಿ. ‘ಅನೋಆಲ್‌ವಿಸಿಬಲ್’ ಅನ್ನು 1 ಮಾಡಿ. ಈ ಬೆಲೆ ಮಾದರಿಗೂ ಪ್ರತಿ ಲೇಔಟಿಗೂ ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಹಳೆಯ ಆವೃತ್ತಿಯಲ್ಲಿ ತಿದ್ದಿ ತಂದ ನಕಾಶೆಗೆ ‘ಡಿಮ್‌ರೀಜೆನ್’ ಆಜ್ಞೆ ಕೊಟ್ಟರೆ ಜೋಡಣೆಯಿರುವ ಅಳತೆಗಳು ತಮ್ಮ ಸ್ಥಾನಕ್ಕೆ ಬರುತ್ತವೆ. ಜೋಡಣೆ ಕಡಿದಿದ್ದರೆ ‘ಡಿಮ್‌ರೀಅಸೋಸಿಯೇಟ್’ ಬೇಕು. ಕಡತವೇ ಕೆಟ್ಟಿರುವ ಸಂಶಯ ಬಂದರೆ ಮಾತ್ರ ‘ಆಡಿಟ್’, ‘ರಿಕವರ್’. ಅವಸರದಲ್ಲಿ ಹಲವರು ಮಾಡುವ ಕೆಲಸವೆಂದರೆ ಅಳತೆಯ ಜಾಗದಲ್ಲಿ ಕೈಯಾರೆ ಸಂಖ್ಯೆ ಟೈಪು ಮಾಡುವುದು. ಇದು ರೋಗಕ್ಕಿಂತ ಕೆಟ್ಟ ಔಷಧ. ಹಾಗೆ ಬರೆದ ಸಂಖ್ಯೆ ರೇಖೆ ಬದಲಾದರೂ ಬದಲಾಗುವುದಿಲ್ಲ. ಕಾಣದ ಅಳತೆ ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಸುಳ್ಳು ಅಳತೆ ದಾರಿ ತಪ್ಪಿಸುತ್ತದೆ.

ಇದು ಸಣ್ಣ ವಿಷಯವೆನ್ನುವವರು ಏರ್‌ಬಸ್ ಎ380 ವಿಮಾನವನ್ನು ನೆನೆಯಬೇಕು. ಅದರಲ್ಲಿ ಸುಮಾರು 530 ಕಿ.ಮೀ. ತಂತಿ ಇದೆ. ಜರ್ಮನಿಯ ವಿನ್ಯಾಸಕಾರರು ಕ್ಯಾಟಿಯಾ ತಂತ್ರಾಂಶದ 4ನೇ ಆವೃತ್ತಿಯನ್ನೂ ಫ್ರಾನ್ಸಿನವರು 5ನೆಯದನ್ನೂ ಬಳಸುತ್ತಿದ್ದರು. ಅಲ್ಲಿ ಕಾಣೆಯಾದದ್ದು ಅಳತೆಯ ಸಂಖ್ಯೆಗಳಷ್ಟೇ ಅಲ್ಲ, ವಿನ್ಯಾಸದ ಮಾಹಿತಿಯೇ ಸರಿಯಾಗಿ ದಾಟಲಿಲ್ಲ. ಹ್ಯಾಂಬರ್ಗಿನಿಂದ ಬಂದ ತಂತಿಕಂತೆಗಳು ಟೂಲೂಸ್‌ನಲ್ಲಿ ವಿಮಾನದೊಳಗೆ ಹೊಂದಿಕೊಳ್ಳಲಿಲ್ಲ. 2006ರಲ್ಲಿ ವಿಳಂಬಗಳ ಮೇಲೆ ವಿಳಂಬ ಘೋಷಣೆಯಾಗಿ, ಮೊದಲ ವಿಮಾನ ಗ್ರಾಹಕರಿಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ.

ಹೊಣೆ ತಂತ್ರಾಂಶದ್ದು ಮಾತ್ರವೇ? ಅಲ್ಲ. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗಾಗಿಯೇ ಹೊರತಂದ ಎಸ್‌ಪಿ 46 ಕೈಪಿಡಿಯ ಪ್ರಕಾರ, ಭಾಗವನ್ನು ಪೂರ್ಣವಾಗಿ ನಿರೂಪಿಸುವ ಅಳತೆಗಳು ನಕಾಶೆಯ ಮೇಲೆಯೇ ಇರಬೇಕು; ಇಲ್ಲವೇ ಜೊತೆಯ ದಾಖಲೆಯಲ್ಲಿ ಇರಬೇಕು. ನಾವು ಯಾವ ಗುಂಡಿ ಒತ್ತಬೇಕೆಂದು ಕಲಿಸುತ್ತೇವೆ. ಹತ್ತು ವರ್ಷಗಳ ನಂತರ ಈ ನಕಾಶೆಯನ್ನು ಯಾರು, ಯಾವುದರಲ್ಲಿ ಓದುತ್ತಾರೆಂದು ಕೇಳುವುದನ್ನು ಕಲಿಸುವುದಿಲ್ಲ. ಅಳತೆಯನ್ನು ಚಿತ್ರವಾಗಿ ಅಲ್ಲದೆ ಅರ್ಥಸಹಿತ ಮಾಹಿತಿಯಾಗಿ ಸಾಗಿಸಬಲ್ಲ ಸ್ಟೆಪ್ ಎಪಿ242 ಮಾನಕ 2014ರಲ್ಲೇ ಬಂದಿದೆ. ಅಷ್ಟು ದೂರ ಹೋಗಲಾಗದಿದ್ದರೆ, ಮೂಲ ಕಡತದ ಜೊತೆಗೆ ಅಂದೇ ತೆಗೆದ ಒಂದು ಪಿಡಿಎಫ್ ಪ್ರತಿಯನ್ನಾದರೂ ಇಡಿ. ಮರಳಿ ಬಂದ ಅಳತೆ ಸರಿಯೇ ಎಂದು ತಾಳೆ ನೋಡಲು ಸ್ವತಂತ್ರ ಸಾಕ್ಷಿ ಬೇಕಲ್ಲವೇ?

ಅಧ್ಯಾಪಕರಲ್ಲಿ ಒಂದು ಸಲಹೆ. ಮುಂದಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಸ ನಕಾಶೆ ಬರೆಸುವ ಬದಲು, ನಾಲ್ಕು ಅಳತೆ ಅಡಗಿರುವ ಹಳೆಯ ನಕಾಶೆಯೊಂದನ್ನು ಕೊಡಿ. ಅವನ್ನು ಹುಡುಕಿ ತೆಗೆದವರಿಗೆ ಅರ್ಧ ಅಂಕ. ಹುಡುಕಿದ್ದು ಸರಿಯೆಂದು ಸಾಧಿಸಿ ತೋರಿಸಿದವರಿಗೆ ಉಳಿದರ್ಧ.