ಎಳೆಯರ ಜೂಜು ಮತ್ತು ಪ್ರಶ್ನೆಯ ಮಾತು

ಜೂಜಿನ ಚಟಕ್ಕೆ ಬಿದ್ದ ಎಳೆಯರನ್ನು ಕಾಲ ಮೀರುವ ಮುನ್ನ ಗುರುತಿಸಬೇಕೆಂದು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ರಚಿಸಿರುವ ಪ್ರಶ್ನಾವಳಿಗಳು ಹಲವು. ಇವು ವೈದ್ಯರಿಗೆ ಸಂಬಂಧಿಸಿದುವೆಂದು ಸಾಹಿತ್ಯದ ಅಧ್ಯಾಪಕರು ದೂರವಿರುವುದು ವಾಡಿಕೆ. ಆದರೆ ಇವುಗಳ ಬಲವೂ ದೌರ್ಬಲ್ಯವೂ ಮಾತಿನಲ್ಲಿಯೇ ಅಡಗಿರುವುದರಿಂದ, ಅರ್ಥನಿರ್ಣಯದಲ್ಲಿ ಪಳಗಿದವರು ಇವುಗಳನ್ನು ಓದಿ ನೋಡುವುದು ಅನುಚಿತವಾಗಲಾರದು.

1987ರಲ್ಲಿ ಲೆಸ್ಯೂರ್ ಮತ್ತು ಬ್ಲೂಮ್ ಎಂಬವರು ವಯಸ್ಕರಿಗಾಗಿ ರಚಿಸಿದ 'ಸೌತ್ ಓಕ್ಸ್' ಪ್ರಶ್ನಾವಳಿಯನ್ನು, 1993ರಲ್ಲಿ ವಿಂಟರ್ಸ್ ಮೊದಲಾದವರು ಹದಿಹರೆಯದವರಿಗೆ ಹೊಂದಿಸಿದರು. ಎಣಿಕೆಗೆ ಬರುವ ಪ್ರಶ್ನೆಗಳು 12. ನಾಲ್ಕು ಅಥವಾ ಹೆಚ್ಚು ಅಂಕ ಬಂದವನು ಸಮಸ್ಯೆಗೊಳಗಾದ ಜೂಜುಗಾರನೆಂದು ಗಣನೆ. ಬ್ರಿಟನ್ನಿನ ಸ್ಯೂ ಫಿಷರ್ ಎಂಬಾಕೆ 1992ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ನಮಗೆ ಇದಕ್ಕಿಂತ ಮೇಲಾಗಿ ತೋರುತ್ತದೆ. ಶಾಲೆಯ ಊಟದ ಹಣವನ್ನೂ ಪ್ರಯಾಣದ ಹಣವನ್ನೂ ಆಟಕ್ಕೆ ಹಾಕಿದ್ದುಂಟೆ ಎಂದು ಆಕೆ ಕೇಳುತ್ತಾಳೆ. ಇಲ್ಲಿ ಬಾಲಕನ ಲೋಕ ಕಾಣುತ್ತದೆ. ಹಿರಿಯರ ಅಂಗಿಯನ್ನು ಕತ್ತರಿಸಿ ಕಿರಿಯನಿಗೆ ತೊಡಿಸಿದಂತಿಲ್ಲ.

ಕಳೆದುಕೊಂಡ ಹಣವನ್ನು ಮರಳಿ ಗೆಲ್ಲಲು ಇನ್ನೊಂದು ದಿನ ಹೋದದ್ದುಂಟೆ? ಇದು ಇಂಥ ಪ್ರಶ್ನಾವಳಿಗಳ ಮುಖ್ಯ ಪ್ರಶ್ನೆಗಳಲ್ಲೊಂದು. ಇದನ್ನು ಸಭಾಪರ್ವದ ಯುಧಿಷ್ಠಿರನಿಗೆ ಹಾಕಿ ನೋಡೋಣ. ಆತನು ಎರಡನೆಯ ಬಾರಿ ಹೋದದ್ದು ನಿಜ; ಆದರೆ ಸೋತುದೆಲ್ಲವನ್ನೂ ಧೃತರಾಷ್ಟ್ರನು ಆ ವೇಳೆಗೆ ಹಿಂದಿರುಗಿಸಿದ್ದನು. ಅನುದ್ಯೂತಕ್ಕೆ ಆತನನ್ನು ಎಳೆದುದು ಹಿರಿಯನ ಆಜ್ಞೆ. ಸೋಲಿನ ಬೆನ್ನುಹತ್ತಿ ತಮ್ಮಂದಿರನ್ನೂ ತನ್ನನ್ನೂ ಮಡದಿಯನ್ನೂ ಪಣವಾಗಿಟ್ಟ ಉನ್ಮಾದವಾದರೋ ಮೊದಲ ದ್ಯೂತದ ಒಂದೇ ಕೂಟದಲ್ಲಿ ನಡೆಯಿತು. 'ಇನ್ನೊಂದು ದಿನ' ಎಂಬ ಎರಡು ಪದಗಳ ದೆಸೆಯಿಂದ ಪ್ರಶ್ನೆಯು ರೋಗವನ್ನು ಬಿಟ್ಟು ವಿಧೇಯತೆಯನ್ನು ಹಿಡಿಯುತ್ತದೆ!

ಇದು ಕೇವಲ ಪಂಡಿತರ ಚಮತ್ಕಾರವಲ್ಲ. ಕೆನಡಾದ ಲಾಡೂಸರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಮಕ್ಕಳು ಹಲವು ಪ್ರಶ್ನೆಗಳನ್ನು ತಪ್ಪಾಗಿ ಗ್ರಹಿಸಿದ್ದರೆಂದೂ, ಅರ್ಥವನ್ನು ವಿವರಿಸಿದ ಮೇಲೆ ರೋಗಿಗಳ ಎಣಿಕೆ ಇಳಿಯಿತೆಂದೂ ಕಂಡುಬಂದಿತು. 2003ರಲ್ಲಿ ಡೆರೆವೆನ್‌ಸ್ಕಿ, ಗುಪ್ತಾ, ವಿಂಟರ್ಸ್ ಇವರು ಅಂಕಿಗಳು ಉಬ್ಬಿವೆಯೆಂಬ ಆಕ್ಷೇಪವನ್ನು ಮರುಪರಿಶೀಲಿಸಿ, ಅದನ್ನು ಸುಲಭವಾಗಿ ಒಪ್ಪಲಾಗದೆಂದರು. ವಾದ ಮುಗಿದಿಲ್ಲವೆಂದೇ ನಮ್ಮ ಮತ.

ಲೆಕ್ಕದ ಒಂದು ತೊಡಕನ್ನೂ ಅಧ್ಯಾಪಕರು ತಿಳಿದಿರಬೇಕು. ಸಾವಿರ ಹುಡುಗರಲ್ಲಿ 20 ಮಂದಿ ನಿಜವಾಗಿ ಚಟಕ್ಕೊಳಗಾಗಿದ್ದಾರೆಂದು ಊಹಿಸೋಣ. ಒಂದು ಜರಡಿಯು ಅವರಲ್ಲಿ 18 ಮಂದಿಯನ್ನು ಹಿಡಿದು, ಉಳಿದ 980ರಲ್ಲಿ ನೂರಕ್ಕೆ ಐವರಂತೆ 49 ನಿರ್ದೋಷಿಗಳನ್ನೂ ಹಿಡಿದರೆ, ಸಿಕ್ಕಿದ 67ರಲ್ಲಿ ನಿಜವಾದವರು 18 ಮಾತ್ರ. ಜರಡಿಗೆ ಸಿಕ್ಕಿದವನನ್ನು ಬಲ್ಲವರು ಎದುರಿಗೆ ಕೂರಿಸಿ ಮಾತನಾಡಿಸುವುದಕ್ಕೆ ಮೊದಲೇ ಅವನ ಹೆಸರಿಗೆ 'ಜೂಜುಕೋರ' ಎಂದು ಅಂಟಿಸುವುದು ಕ್ರೌರ್ಯ. ಕೈಬಿಟ್ಟುಹೋದ ಇಬ್ಬರ ಗತಿಯೂ ಚಿಂತನೀಯವೇ.

ಕನ್ನಡಕ್ಕೆ ತರುವಾಗ ತೊಡಕು ಇಮ್ಮಡಿಸುತ್ತದೆ. ದ್ಯೂತದ ತದ್ಭವವಾದ 'ಜೂಜು' ಶಬ್ದದಲ್ಲಿ ನಿಂದೆಯೂ ಬೆರೆತಿದೆ. ದೂರವಾಣಿಯ ಪರದೆಯ ಮೇಲೆ ಹಣ ಕಟ್ಟುವ ಹುಡುಗನು ತನ್ನದನ್ನು 'ಗೇಮ್' ಎನ್ನುವನು, ಗೆಳೆಯರೊಡನೆ ಹಣ ಒಡ್ಡಿದರೆ 'ಬೆಟ್ಟು' ಎನ್ನುವನು, 'ನೀನು ಜೂಜಾಡುವೆಯಾ?' ಎಂದರೆ ಇಲ್ಲವೆಂದು ಪ್ರಾಮಾಣಿಕವಾಗಿಯೇ ಉತ್ತರಿಸುವನು. 2010ರ ಕೆನಡಾದ ಪ್ರಶ್ನಾವಳಿಯನ್ನು ಇಂಗ್ಲಿಷು, ಫ್ರೆಂಚು ಎರಡರಲ್ಲಿಯೂ ಸಿದ್ಧಪಡಿಸಿದರು. ಕನ್ನಡದ ಪ್ರಶ್ನಾವಳಿಯನ್ನು ರಚಿಸುವವರು ನಿಘಂಟನ್ನು ತೆರೆಯುವ ಮೊದಲು ಹುಡುಗರ ಬಾಯಿಯ ಮಾತುಗಳನ್ನು ಸಂಗ್ರಹಿಸಬೇಕು. ಆ ಕೆಲಸಕ್ಕೆ ವೈದ್ಯರ ಪಕ್ಕದಲ್ಲಿ ಭಾಷಾಧ್ಯಾಪಕನೊಬ್ಬನು ಕುಳಿತಿರಬೇಕು.