ಸಂಘದ ಲೆಕ್ಕವೂ ಪುಕ್ಕಟೆ ಲಿನಕ್ಸೂ

ಲಿನಕ್ಸ್‌ನಲ್ಲಿ ತಂತ್ರಾಂಶ ಹಾಕಿಕೊಳ್ಳುವುದು ಬಲು ಸುಲಭ ಎಂದು ಕೆಲವರು ವಾದಿಸುತ್ತಾರೆ, ಬಲು ಕಷ್ಟ ಎಂದು ಕೆಲವರು. ಇಬ್ಬರೂ ‘ಸಾಮಾನ್ಯ ಬಳಕೆದಾರ’ನ ಹೆಸರು ಹೇಳಿಯೇ ವಾದಿಸುವುದು. ಆ ಸಾಮಾನ್ಯ ಬಳಕೆದಾರ ನಮ್ಮ ಮೋರಖಂಡಿಯಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ ನಿಂತಿತು. ವಿಂಡೋಸ್ 11ನ್ನು ಅವಳ ಹಳೆಯ ಕಂಪ್ಯೂಟರು ಒಲ್ಲೆ ಎನ್ನುತ್ತದೆ. ಹೊಸದಕ್ಕೆ ದುಡ್ಡೆಲ್ಲಿ? ಲಿನಕ್ಸಾದರೆ ಪುಕ್ಕಟೆ.

ಸುಲಭ ಎನ್ನುವವರ ಮಾತು ಸುಳ್ಳಲ್ಲ. ಉಬುಂಟು, ಮಿಂಟ್‌ಗಳಲ್ಲಿ ಒಂದು ಅಂಗಡಿಯೇ ಒಳಗಿರುತ್ತದೆ. ಹೆಸರು ಹುಡುಕಿ ಒತ್ತಿದರೆ, ಪಾಸ್‌ವರ್ಡ್ ಕೊಟ್ಟರೆ ಆಯಿತು. ಹೋಳಿಗೆಗೆ ಬೇಳೆ ಕೇಳಿದರೆ ಬೆಲ್ಲ, ಏಲಕ್ಕಿಯನ್ನೂ ಕಟ್ಟಿಕೊಡುವ ಸೆಟ್ಟರಂತೆ, ಜೊತೆಗೆ ಬೇಕಾದದ್ದನ್ನೆಲ್ಲ ಅದೇ ತರುತ್ತದೆ. ಲೆಕ್ಕ ಬರೆಯುವ ಲಿಬ್ರೆ ಆಫೀಸಂತೂ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಕಂಡಕಂಡಲ್ಲಿಂದ ಇಳಿಸಿಕೊಂಡು ವೈರಸ್ ಹತ್ತಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ತೊಡಕಾಗುವುದು ಕನ್ನಡ ಬೇಕೆಂದಾಗ. ಅವಳಿಗೆ ರೂಢಿಯಾದದ್ದು ‘ನುಡಿ’. ಅದು ವಿಂಡೋಸಿಗಾಗಿ ಹುಟ್ಟಿದ್ದು, ಈ ಅಂಗಡಿಯಲ್ಲಿ ಸಿಗದು. ನುಡಿಯ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಠರಾವುಗಳನ್ನು ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಓದಬಹುದು. ತಮಾಷೆಯೆಂದರೆ, ನುಡಿಯಲ್ಲಿ ಅವಳ ಬೆರಳು ಕಲಿತ ಕಗಪ ಕೀಲಿಮಣೆ ಲಿನಕ್ಸಿನೊಳಗೇ ಇದೆ, ಏನನ್ನೂ ಹೊಸದಾಗಿ ಹಾಕಬೇಕಿಲ್ಲ. ಕೀಲಿಮಣೆಯ ಸೆಟ್ಟಿಂಗ್ಸಿನಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಆರಿಸಿಕೊಂಡರೆ ಸಾಕು. ಆದರೆ ಇದನ್ನು ಹೇಳುವವರು ಯಾರು? ಕೇಳಿದರೆ ತಿಳಿದವರು ಕರಿ ಪರದೆ ತೆರೆದು ಒಂದು ಸಾಲು ಇಂಗ್ಲಿಷ್ ಹೊಡೆಯಿರಿ ಎನ್ನುತ್ತಾರೆ. ಅಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಸಾಮಾನ್ಯವಾಗಿ ಒಂದು ಚುಕ್ಕಿಯೂ ಕಾಣುವುದಿಲ್ಲ. “ಯಕ್ಕಾ, ಕೀಲಿ ಕೆಟ್ಟಾವ ನೋಡ್ರಿ” ಎಂದು ಅವಳು ಕೈಬಿಟ್ಟರೆ ತಪ್ಪು ಅವಳದಲ್ಲ. ಗುಟ್ಟು ಕಾಯಲು ಹಾಗೆ ಮಾಡಿದ್ದಾರೆ ಎಂಬುದು ಅವಳಿಗೆ ಕನಸು ಬೀಳಬೇಕೆ?

ಅತ್ತ ಕಾಸರಗೋಡು ನೋಡಿ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಪಾಠಕ್ಕೆ ಬೇಕಾದದ್ದನ್ನೆಲ್ಲ ಅಲ್ಲಿನ ‘ಕೈಟ್’ ಸಂಸ್ಥೆ ಮೊದಲೇ ತುಂಬಿ ಕೊಡುತ್ತದೆ. ಆ ಮಕ್ಕಳು ಕರಿ ಪರದೆಗೆ ಹೆದರುವ ಪ್ರಸಂಗವೇ ಬರಬೇಕಿಲ್ಲ.

ಲಿನಕ್ಸಿನ ಭಕ್ತರು ಅಂಗಡಿಯನ್ನು ಇನ್ನೂ ಚೆಂದ ಮಾಡುತ್ತ ಕೂತಿದ್ದಾರೆ. ಬಸವಕಲ್ಯಾಣದ ರಿಪೇರಿ ಅಂಗಡಿಯವನು ಕಗಪ ಕೀಲಿಮಣೆಯನ್ನು ಆರಿಸಿಟ್ಟು, ಹಳೆಯ ಠರಾವುಗಳನ್ನು ಯೂನಿಕೋಡಿಗೆ ತಿರುಗಿಸಿ, ಕಂಪ್ಯೂಟರನ್ನು ಸಂಘದವರ ಕೈಗೆ ಕೊಡಲಿ. ಇನ್ನೂರು ರೂಪಾಯಿ ಹೆಚ್ಚು ಕೇಳಿದರೂ ಅವರು ಕೊಟ್ಟಾರು.